ಹೋಗ ಮಗಳ, ಬಾ ಬಾ

ಎಲ್ಲಿ ಅಂದಿ? ಹಿರೇವಡ್ಡಟ್ಟ್ಯಾಗನು? ತಡಿ ತಡಿ, ಈ ರಾಟಿ ನಿಂದರಸ್ತೀನಿ. ಇದರ ಗರಗರದಾಗ ಏನೂ ಕೇಳಸವಲ್ದು. ಹಾಂ, ಈಗ ಹೇಳು. ಹಿರೇವಡ್ಡಟ್ಟ್ಯಾಗ ನನ್ನ ಹಾಡ ಹಾಕಿದ್ರು? ನೀನ ಮೈಕ್ ಸೆಟ್ ಒಯ್ದಿದ್ದಿ? ಅಯ್ಯ ನನ ಶಿವನ! ಯಾವಾಗೋ? ಹೋದ ವಾರ! ಮತ್ತ ಬಂದ ಕೂಡ್ಲೆ ಅದನ್ನ ಹೇಳೂದ ಬಿಟ್ಟು, ಎರಡನೇ ಹಾಡ ಕೊಡು, ಎರಡನೇ ಹಾಡ ಕೊಡು ಅಂತ ಕುಂತಿದ್ಯಲ್ಲೋ, ಹಾಡಿದ್ದ ಹಾಡೋ ಕಿಸಬಾಯಿ ದಾಸನಂಗ!

ಯಾಕ ನಗತಿ? ನಗೂ ಮಾತಲ್ಲ ಇದು. ಚಂದಂಗ ಹೇಳು. ಹಾರ್ನು ಎಲ್ಲಿ ಕಟ್ಟಿದ್ದಿ? ಮಾಳಗಿ ಮ್ಯಾಲನು? ಯಾವ ಕಡೆ ಮಾರಿ ಮಾಡಿ? ಅಲ್ಲೋ, ಕೇಳಾಕ ಕಾರಣ ಐತಿ. ಊರ ದಾಟಿದ ಮ್ಯಾಲ ಹಳ್ಳ ಐತಲ್ಲ, ಜಾಲಿ ಗಿಡ ಅದಾವಲ್ಲ, ಅಲ್ಲೀತನಕ ಕೇಳತಿತ್ತನು? ಮುಂದಿನ ಊರಿಗೂ ಕೇಳತಿತ್ತಾ? ಹಂಗಾರ ಹಳ್ಳಕ್ಕ ಕೇಳದನ ಇರತೈತೇನು! ಕೇಳಿರತೈತಿ. ಕೇಳಿರತೈತಿ ಬಿಡು... ಆತು. ಆತು.

ಏನಿಲ್ಲೋ ತಮ್ಮಾ. ಕಣ್ಣಾಗ ನೂಲಿನ ಧೂಳ ಬಿತ್ತು. ಈ ನೇಕಾರಕಿ ಅಂದ್ರ ಹಿಂಗ, ಉಸರ ತಗೊಂಡ್ರೂ ನೂಲು, ಕಣ್ಣ ತಗದ್ರೂ ನೂಲು. ನಮ್ಮ ಬನಶಂಕರಿನ್ನ ಅಲ್ಲೇ ಕೊಟ್ಟೀವಿ, ಹಿರೇವಡ್ಡಟ್ಟಿಗೆ. ಒಬ್ಬಾಕೀನ ಮಗಳು. ಅಕಿಗೂ ಕೇಳಿರಬೇಕಲ್ಲ ಅಂತ ಕೇಳಿದ್ನಿ ಅಷ್ಟ. ಹಳ್ಳದ ದಂಡಿಗೆ ಅದಾಳ. ಹೂನೋ, ಆರಾಮ ಅದಾಳ. ಇನ್ನ ಅಕಿಗೇನಾಗತೈತಿ?

ಯಾರ ಮದುವಿ ಅಂತ ಹೇಳಾಕ ಹತ್ತಿದೇನು? ಬ್ಯಾಡ ಬಿಡು. ಯಾರದರ ಇರ್ಲಿ, ನನಗೇನು ಬಂಧುನೋ ಬಳಗನೋ. ಹಾಡ ಮುಟ್ಟಿತಲ್ಲ, ಅಷ್ಟ ಸಾಕು. ಚಾ ಕುಡಿ, ಆರಿ ಹೋಗತೈತಿ. ಬೆಲ್ಲದ ಚಾ. ನಿಮ್ಮ ಮನಿ ಸಕ್ರಿ ಚಾ ನಮ್ಮಲ್ಲಿ ಎಲ್ಲಿಂದ ಬರಬೇಕು?

ಏ, ಆ ಟೇಪಿನ ಗುಂಡಿ ಒತ್ತಬ್ಯಾಡ! ಕೆಂಪ ದೀಪ ಹತ್ತಿತಂದ್ರ ನನ್ನ ಗಂಟಲ ಹಿಡಕೋತೈತಿ. ಈಗ ಬರೇ ಮಾತು. ಹಾಡ ಆಮ್ಯಾಲ ನೋಡೂಣು.

ಹಾಡ ಅಂದ್ರ ಬಾಳ ನಿಯತ್ತಿಲ್ಲದ್ದು ನೋಡು, ದತ್ತಾತ್ರಿ. ಮಕ್ಕಳು ಸೈತ ತಾಯಿ ಕಡೆ ಹೊಳ್ಳಿ ನೋಡ್ತಾವು, ಹಾಡ ನೋಡೂದಿಲ್ಲ. ನನ್ನ ಬಾಯಾಗಿಂದ ಬಿದ್ದದ್ದಷ್ಟ, ಯಾರ್ಯಾರ ಮನಿ ಹೊಕ್ಕೈತಿ! ಮೊನ್ನೆ ಲಕ್ಷ್ಮೇಶ್ವರಕ್ಕ ಹೋಗಿದ್ನಿ. ಟೆಂಪೋದಾಗ ಕುಂತೀನಿ, ಡ್ರೈವರ ಟೇಪ ಹಚ್ಚಿದ. ಢಂಚಕ ಢಂಚಕ ಅಂತ ಮೊದಲ ನಿನ್ನ ಡೋಲು ಬಂತು, ಆಮ್ಯಾಲ ಆ ಕುಯ್ ಅನ್ನೂ ಪೆಟಿಗಿ... ಏನದು, ಕ್ಯಾಸಿಯೋ... ಅದು ಬಂತು. ಅದರ ಹಿಂದ ನನ್ನ ದನಿ. ನನಗ ನನ್ನ ದನಿ ಗುರ್ತ ಹತ್ತಲಿಲ್ಲ, ಖರೇನ ಹೇಳ್ತೀನಿ! ಯಾವಾಕೀನೋ ಪಾಪ, ಇಷ್ಟು ಗದ್ಲದಾಗ ಒದರಾಕ ಹತ್ಯಾಳಲ್ಲ ಅನಕೊಂಡ್ನಿ. ಮಗ್ಗಲದಾಕಿ ಹೆಂಗಸು ಕಾಲಿಲೆ ತಾಳ ಹಾಕಾಕ ಹತ್ತಿದ್ಲು. 'ಚಲೋ ಹಾಡ ಅಲ್ಲನವಾ' ಅಂದ್ಲು. ಹೂನವಾ ಅಂದ್ನಿ. ಮತ್ತೇನನ್ನಲಿ?

ಮುಂಡರಗಿ ಟೆಂಟಿನ್ಯಾಗ ಸಿನಿಮಾ ಸುರು ಆಗೂಕಿಂತ ಮೊದಲ ಅದನ್ನ ಹಾಕ್ತಾರಂತ. ನಮ್ಮ ಮಗ್ಗಲ ಮನಿ ಮೋತಿಬಿ ಗಂಡ ಅಲ್ಲಾಸಾಬ, ಬ್ಯಾಂಡಿನ್ಯಾಂವ, ಕ್ಲಾರಿನೆಟ್ಟಿನ್ಯಾಗ ಅದನ್ನ ಬಾರಸ್ತಾನ. ಮಾತ ಇಲ್ಲ, ಬರೇ ಪೀಂ ಪೀಂ. ಅಂವಂದ ಮ್ಯಾಳದಾಗ ಕೇಳಿದ್ರ ನಿನ್ನ ಕ್ಯಾಸೆಟ್ಟಿಗಿಂತ ವಾಸಿ ಅನಸತೈತಿ ನನಗ... ಸಿಟ್ಟಾಗಬ್ಯಾಡ. ಶಿರಹಟ್ಟ್ಯಾಗ ಅಲಾಯಿ ಹಬ್ಬಕ್ಕ, ಮೊಹರಮ್ಮಿಗೆ, ರಿವಾಯತ ಹಾಡವರು ಅದ ಧಾಟಿ ಹಿಡದಿದ್ರಂತ. ಮೋತಿಬಿ ತವರು ಅದು, ಅಕಿ ಕೇಳಿ ಬಂದು ಹೇಳಿದ್ಲು. 'ಸಾವಂತ್ರೆವ್ವಾ, ನಿನ್ನ ಹಾಡ ನಮ್ಮವರ ಬಾಯಾಗ ಬಾಳ ಹೊಂದಿತು, ಮಂದಿ ಎದಿ ಎದಿ ಬಡಕೊಂಡ್ರು' ಅಂದ್ಲು.

ಮತ್ತ ನಿಮ್ಮ ಓಣಿ ಭಜನಿ ಮಂಡಳಿ? ನನಗ ಗೊತ್ತಿಲ್ಲ ಅನಕೊಂಡೇನು? 'ಮಗಳ' ಅನ್ನೂದ ತಗದು 'ಮಾಧವ' ಅಂತ ಹಾಕ್ಯಾರಂತ! 'ಹೋಗ ಮಾಧವ, ಬಾ ಬಾ.' ಅಲ್ಲೋ, ಆ ದೇವರು ಹೋಗಬೇಕೋ, ಬರಬೇಕೋ? ಪಾಪ, ಬಾಗಲದಾಗ ನಿಂತು ಬಿಟ್ಟಿರತಾನ! ನೋಡು, ನೀನೂ ನಗಾಕ ಹತ್ತಿದಿ.

ನಿಮ್ಮವ್ವ ಯಮುನಾಬಾಯಾರ ಸೈತ ಮುಂಜಾನೆ ರಂಗೋಲಿ ಹಾಕಕೋತ ಗುಣುಗುಣು ಅಂತಾರ ಅಂತ ನೀನ ಹೇಳಿದ್ದಿ. ಸೀರಿ ಕೊಡಾಕ ಬಂದಾಗ ನಾ ನಿಮ್ಮ ಮನಿ ಕಟ್ಟಿ ಇಳದು ನಿಂತಾಕಿ, ಕಟ್ಟಿ ಮ್ಯಾಲ ಕುಂತಾಕಿ ಸೈತ ಅಲ್ಲ. ನನ್ನ ಹಾಡ ಹೆಂಗೋ ಪಡಸಾಲಿ ದಾಟಿ, ದೇವರ ಮನಿ ದಾಟಿ, ಒಲಿ ತನಕ ಹೋತು! ನನ್ನಕಿಂತ ಅದರ ಪುಣ್ಯ ದೊಡ್ಡದು. ಬ್ಯಾಸರಿಲ್ಲೋ, ಅದನ್ನ ಬ್ಯಾಸರಲೆ ಹೇಳಾಕ ಹತ್ತಿಲ್ಲ ನಾ. ನಿಮ್ಮವ್ವಗ ನಮಸ್ಕಾರ ಹೇಳು.

ಆದ್ರ ತಮ್ಮಾ... ಒಂದು ಮಾತ ಕೇಳ್ತೀನಿ, ನಡಸಿ ಕೊಡ್ತೀಯೇನು? ನೀ ಹೂಂ ಅಂದ್ರ ಎರಡನೇ ಹಾಡಿಂದ ವಿಚಾರ ಮಾಡ್ತೀನಿ. ಆ 'ಬಾ ಬಾ' ಅನ್ನೋ ಹುಡಿಗ್ಯಾರನ್ನ ತಗದ ಬಿಡು.

ಯಾಕ ಅಂದ್ರ? ಹಂಗ. ನನ್ನ ಹಾಡಿನ್ಯಾಗ ಅದು ಇಲ್ಲ. ನಾ ಹಾಡಿದ್ದು ಹೆಂಗ? ಮಾತಿನ್ಯಾಗ ಹೇಳ್ತೀನಿ, ಹಾಡೂದಿಲ್ಲ.

ತವರ ಸೀರಿಯ ಉಟ್ಟ, ಹಸರ ಬಳಿಯ ತೊಟ್ಟ
ಉಡಿ ತುಂಬಿಕೊಂಡ ನನ ಮಗಳ, ಬೆನ್ನ ತಿರಗಿ
ನೋಡದ ಹೋಗ, ಮಗಳ ಹೋಗ.

ಅಷ್ಟ. 'ಹೋಗ' ಅಂತ ನಿಲ್ಲತೈತಿ. ಆಮ್ಯಾಲ ಸುಮ್ನ ಇರೂದು. ಆ ಸುಮ್ನ ಇರೂದೂ ಹಾಡ ಅದು. ನೀ ಅವತ್ತ ಏನಂದಿ? 'ಅವ್ವಾರ, ಇಲ್ಲಿ ಸಾಲು ಗಿಡ್ಡಾತು, ತಾಳಕ್ಕ ಕೂಡವಲ್ದು, ಹೋಗಿ ಬಾ ಮಗಳ ಅನ್ನಿ' ಅಂದಿ. ನಾ ಅನ್ನಲಿಲ್ಲ. ಹಾಡ ಇರೂದ ಹಂಗ ಅಂದ್ನಿ. ನೀ ಹೂಂ ಅಂತ ಗೋಣ ಹಾಕಿ ಹೋದಿ. ಹೋಗಿ ಏನ ಮಾಡಿದಿ? ನನ್ನ ದನಿ ಒಂದ ಮಿಶನ್ನಿನ್ಯಾಗ ಹಚ್ಚಿ, ಡೋಲು ಬಡಸಿ, ಗಾಯನ ಕ್ಲಾಸಿನ ಹುಡಿಗ್ಯಾರನ್ನ ಸಾಲ ನಿಂದರಸಿ, ಎಲ್ಲಾ ಕೂಡೇ ಇನ್ನೊಂದು ಮಿಶನ್ನಿಗೆ ತುಂಬಿದಿ. ನಾ 'ಹೋಗ' ಅಂದು ಉಸರ ತಗೋತೀನಿ, ಅಷ್ಟರಾಗ ಅವು ಚಪ್ಪಾಳಿ ಬಡದು 'ಬಾ ಬಾ! ಬಾ ಬಾ!'

ಹೌದಪ್ಪಾ ಹೌದು, ಅದಕ್ಕ ಹಾಡ ನಡದೈತಿ. ಗೊತ್ತೈತಿ. ಮಂದಿ ಕೈ ಎತ್ತಿ ಕುಣಿಯೂದ ಅದಕ್ಕ. ನೀ ಚಲೋದಕ್ಕ ಮಾಡಿದಿ, ನಾ ಇಲ್ಲ ಅನ್ನೂದಿಲ್ಲ. ಬರೇ ನನ್ನ ದನಿ ಇದ್ರ ಈ ಓಣಿ ನಾಯಿನೂ ಕೇಳತಿರಲಿಲ್ಲ.

ಆದ್ರೂ... ತಗದ ಬಿಡು ತಮ್ಮಾ. ಎಲ್ಲಾದರಾಗ ಬ್ಯಾಡ, ಒಂದರಾಗ ತಗಿ. ಡೋಲು ಬ್ಯಾಡ, ಪೆಟಿಗಿ ಬ್ಯಾಡ, ಹುಡಿಗ್ಯಾರೂ ಬ್ಯಾಡ. ಮೊದಲ ನಾ ಹಾಡಿದ್ದು ಐತಲ್ಲ ನಿನ್ನಲ್ಲಿ, ಬರೇ ದನಿ, ಅದನ್ನ ಒಮ್ಮೆ ಹಿರೇವಡ್ಡಟ್ಟ್ಯಾಗ ಹಚ್ಚು. ಯಾರದರ ಮದುವಿ, ಯಾರದರ ತೊಟ್ಲ, ಏನಾರ ಇರ್ಲಿ, ಮಂದಿ ಉಣ್ಣಾಕ ಕುಂತಾಗ ಹಚ್ಚು. ಯಾರೂ ಲಕ್ಷ ಕೊಡೂದಿಲ್ಲ. ಹಾರ್ನಿನ ಮಾರಿ ಹಳ್ಳದ ಕಡೆ ತಿರವಿದ್ರ ಸಾಕು.

ಏನಂದಿ?

ಅಳಿಸಿದೇನು? ಅದರ ಮ್ಯಾಲ... ಯಾರದೋ ಹರಿಕಥಿ ತುಂಬಿದಿ. ಹಾಂ. ಟೇಪು ತುಟ್ಟಿ ಅಲ್ಲ, ಹೌದು. ಒಂದರ ಮ್ಯಾಲ ಒಂದ ತುಂಬೂದು. ನಾವೂ ಹರದ ಸೀರಿ ನೂಲ ಬಿಚ್ಚಿ ಕೌದಿ ಹೊಲಿಯಾಕ ಇಟ್ಕೋತೀವಲ್ಲ, ಹಂಗ. ಇಲ್ಲೋ, ನೀ ಏನ ಮಾಡಬೇಕು, ನಿನಗೇನ ಕನಸ ಬಿದ್ದಿತ್ತೇನು? ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಹಾಡೂ ಅದ ಜಾತಿ.

ಮತ್ತೊಮ್ಮೆ ಹಾಡು ಅಂತೀ? ಅದನ್ನ? ಇಲ್ಲ. ಇಲ್ಲೋ, ಅದನ್ನ ಮತ್ತೊಮ್ಮೆ ಹಾಡಾಕ ಬರೂದಿಲ್ಲ. ಸೊಕ್ಕಲ್ಲ ತಮ್ಮಾ. ಅದು ಒಮ್ಮೆ ಹಾಡೂ ಹಾಡ. ನಮ್ಮವ್ವ ಹಂಗ ಹೇಳತಿದ್ಲು. ಒಬ್ಬ ಮಗಳಿಗೆ ಒಮ್ಮೆ.

ಹಾಂ, ಮದುವಿ ಒಮ್ಮೆ ಆಗೂದು, ಅದಕ್ಕ ಹಂಗ. ಬರೋಬ್ಬರಿ ಹೇಳಿದಿ. ಶಾಣ್ಯಾ ಇದ್ದಿ.

ಎರಡನೇದಾ? ಎಲ್ಲಿಂದ ತರ್ಲೋ? ಸುಗ್ಗಿ ಮುಗದ ಕೂಡ್ಲೆ ಮದುವಿ ಸುರು ಆಗ್ತಾವು, ಕ್ಯಾಸೆಟ್ಟಿನ ಹಿಂದಿನ ಬಾಜೂಕ ಖಾಲಿ ಐತಿ, ಎಲ್ಲಾ ತಿಳಿತು. ಬೀಸೂ ಹಾಡ ಬೇಕಾದ್ರ ತಗೋ, ಸೋಬಾನ ಬೇಕಾದ್ರ ಓಣ್ಯಾಗ ಶೇಖವ್ವ ಹಾಡ್ತಾಳ, ಅಕಿನ್ನ ಕೇಳು. ಅಂಥಾದ ಬೇಕು ಅಂತೀ. ಅಂಥಾದ... ಕೇಳಿದವರ ಕರುಳ ಹಿಡದು ಜಗ್ಗಬೇಕು ಅಂತೀ. ಆಮ್ಯಾಲ ನೀ ಅದಕ್ಕ ಢಂಚಕ ಹಚ್ಚಾಂವ. ಅಂಥಾ ಹಾಡ ಬೇಕಂದ್ರ ನನಗ ಇನ್ನೊಬ್ಬಾಕಿ ಮಗಳ ಬೇಕಾಗ್ತಾಳೋ ತಮ್ಮಾ. ಇದ್ದಾಕಿ ಒಬ್ಬಾಕಿ.

ಏ, ಮೆಲ್ಲಕ ನಗು. ಬನಶಂಕರಿ ಅಪ್ಪ ಒಳಗ ಮಗ್ಗದಾಗ ಕುಂತಾನ. ಲಾಳಿ ಸಪ್ಪಳ ಕೇಳ್ತೈತಲ್ಲ? ಅಂವಗ ಆ ಹಾಡಿನ ಸುದ್ದಿ ಸೇರೂದಿಲ್ಲ. ಓಣ್ಯಾಗ ಯಾರರ ಹಚ್ಚಿದ್ರಂದ್ರ ಲಾಳಿ ಜೋರ ಒಗಿತಾನ, ಕೇಳಬಾರದಂತ. ಎಳಿ ಹರದ ಹರದ ಹಾಕ್ತಾನ. ಮಾತಿಲ್ಲ ಕಥಿಲ್ಲ, ಆ ಮಗ್ಗದ ಕುಣಿಯೊಳಗ ಇಳದಾಂವ ಊಟಕ್ಕಷ್ಟ ಮ್ಯಾಲ ಬರ್ತಾನ.

ಫೋಟೋ? ಯಾವ ಫೋಟೋ? ಕ್ಯಾಸೆಟ್ಟಿನ ಮ್ಯಾಲನು? 'ಬೆಟಗೇರಿ ಸಾವಂತ್ರೆವ್ವನ ಮದುವಿ ಹಾಡ' ಅಂತ ಹೆಸರು ಹಾಕಿದ್ದ ಸಾಕಪ್ಪಾ, ನನ್ನ ಮಾರಿ ಯಾಕ? ತಾಯಿ ಮಗಳದು ಕೂಡೇನು? ಮಗಳಿಗೆ ಉಡಿ ತುಂಬೂ ಹಂಗ? ಅಯ್ಯ... ಬ್ಯಾಡೋ. ಬ್ಯಾಡ. ಅಕಿಗೆ ಬರಾಕ ಆಗೂದಿಲ್ಲ. ಅವರ ಮನ್ಯಾಗ ಬಿಡೂದಿಲ್ಲ. ಬಿಡೂದಿಲ್ಲ ಅಂದ್ರ... ಬಿಡೂದಿಲ್ಲಪ್ಪಾ, ಅಲ್ಲಿಂದ ಯಾರನ್ನೂ ಬಿಡೂದಿಲ್ಲ.

ಇಲ್ಲ, ಕಾಡೂ ಮಂದಿ ಅಲ್ಲ ಅವರು. ಸುಳ್ಳ ಯಾಕ ಹೇಳಲಿ? ಉಂಡ್ಲು, ಉಟ್ಲು. ಕಾಮಾಲಿ ಆಗಿತ್ತು ಒಮ್ಮೆ, ಕಣ್ಣು ಅರಿಷಿಣ ಆಗಿದ್ವು... ಅದು ಹಳೇ ಮಾತು. ಎರಡ ವರ್ಷಾತು. ಹೌದೋ, ಈಗ ಅದು ಇಲ್ಲ. ಈಗ ಯಾವ ಬ್ಯಾನಿನೂ ಇಲ್ಲ.

ಸೀರಿ ಐತಿ, ಸೀರಿಗೇನ ಕಡಿಮಿ? ಟ್ರಂಕಿನ್ಯಾಗ ಐತಿ. ಕೆಂಪ ಸೆರಗಿಂದು, ಅಕಿ ಸಲುವಾಗಿ ಅವರಪ್ಪ ನೇಯ್ದದ್ದು. ಫೋಟೋಕ್ಕ ಭಾಳ ಚಂದ ಕಾಣತಿತ್ತು ನೋಡು. ಮಡಿಕಿ ಮುರದಿಲ್ಲ ಇನ್ನೂ. ಕೊಟ್ಟಿಲ್ಲ. ಕೊಡಾಕಂತ ಹೋಗಿದ್ನಿ... ಹೊತ್ತ ಮೀರಿತ್ತು. ಹಂಗ ಹೊಳ್ಳಿ ತಂದ್ನಿ. ಆಗ್ತೈತಿ ಒಮ್ಮೊಮ್ಮೆ. ನೀ ಎಲ್ಲಾದ್ಕೂ ಯಾಕ ಯಾಕ ಅಂತ ಕೇಳಬ್ಯಾಡೋ!

ಹಾಂ? ನೀನ ಹೋಗ್ತೀ? ಹಿರೇವಡ್ಡಟ್ಟಿಗೆ ಹೋಗಿ ಮಾವ ಅತ್ತೀನ ಒಪ್ಪಿಸಿ ಕರಕೊಂಡ ಬರ್ತೀ? ಹೋಗಬ್ಯಾಡ. ಸುಮ್ನ ಕುಂಡ್ರು. ಊರೆಲ್ಲಾ ಗುರ್ತ ಆಗೈತಿ ಅಂತ... ನಾಲ್ಕ ಹಾರ್ನು ಕಟ್ಟಿ ಬಂದ ಮಾತ್ರಕ್ಕ ಊರ ಗುರ್ತ ಆತೇನು? ಯಾರ ಮನಿ, ಯಾರ ಮನಿ ಅಂತ ಎಷ್ಟ ಸಲ ಕೇಳ್ತೀಯೋ? ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ ಮಾತಾಡ್ತೀರಿ ಅಂತೀ? ನಾ ಮಾತಾಡೂದ ಹಂಗ.

ಆತು ತಗೋ! ನಿನ್ನ ಹಟಾನ ಗೆಲ್ಲಲಿ. ತೋಟಪ್ಪನ ಮನಿ. ಅಗಸಿ ಒಳಗ ಹೋದ ಕೂಡ್ಲೆ ತೋಟಪ್ಪ ಅಂತ ಕೇಳು, ಅರಳೆ ವ್ಯಾಪಾರ ಮಾಡಾಂವ, ಎಡಗೈ ಬೆರಳ ಒಂದ ಇಲ್ಲದಾಂವ. ಅಂವನ ನಮ್ಮ ಅಳಿಯ. ಹೋಗಿ ಕೇಳು. ಬನಶಂಕರಿನ ಕಳಸ್ರಿ ಅನ್ನು. ಏನ ಹೇಳ್ತಾನೋ ಕೇಳಕೊಂಡ ಬಾ.

...ಯಾಕೋ?

ಯಾಕ ಹಂಗ ನೋಡತಿ? ಚಾದಾಗ ಏನಾರ ಬಿತ್ತೇನು? ಬಟ್ಲ ಯಾಕ ಕೆಳಗ ಇಟ್ಟಿ?

ತೋಟಪ್ಪ ಅಂದ್ನಿ ಅಷ್ಟ. ಗೊತ್ತನು ನಿನಗ? ಎಡಗೈ ಬೆರಳ ಇಲ್ಲದಾಂವ... ಹೂಂ, ಗಿರಣ್ಯಾಗ ಸಿಕ್ಕಿತ್ತು, ಮದುವಿಗೆ ಮೊದಲ. ನೋಡಿದೇನು ಅವನ್ನ? ಎಲ್ಲಿ ನೋಡಿದಿ?

ಮಾತಾಡೋ. ಇಷ್ಟೊತ್ತು ಬಡಬಡ ಬಡಕೊಂಡಿ. ಈಗ ನೆಲ ಯಾಕ ನೋಡತಿ?

ಯಾರ ಮದುವಿಗೆ ಹೋಗಿದ್ದಿ ನೀ?

...

ಇರ್ಲಿ. ಹೇಳಬ್ಯಾಡ. ತಿಳೀತು.

ನೀ ಯಾಕ ಅಳ್ತಿ, ನಿಂದೇನೈತಿ ಇದರಾಗ? ಗಣಮಗ ಹೆಂಡ್ತಿ ಇಲ್ಲದ ಬಾಳ ದಿನ ಇರತಾನೇನು? ಎರಡ ವರ್ಷ ತಡದದ್ದ ಹೆಚ್ಚು. ಅಂವನ್ನೂ ಬೈಯೂದಿಲ್ಲ ನಾ. ಅವರಿಗೂ ಮನಿ ನಡೀಬೇಕಲ್ಲ. ನನಗ ಖಬರ ಇರಲಿಲ್ಲ ಅಷ್ಟ. ಯಾರೂ ಹೇಳಲಿಲ್ಲ. ಯಾರ ಹೇಳಬೇಕು? ಅಕಿ ಹೋದ ಮ್ಯಾಲ ಆ ಊರಾಗ ನಾವ್ಯಾರು?

ನೀ ಕೇಳಲಿಲ್ಲ, ನಾ ಹೇಳಲಿಲ್ಲ. ಅವತ್ತ ಮೋತಿಬಿ ನಿನ್ನ ಕರಕೊಂಡ ಬಂದು, ಈ ಅಣ್ಣಾರಿಗೆ ಹೆಣ್ಣಮಕ್ಕಳ ಹಾಡ ಬೇಕಾಗ್ಯಾವಂತ ಅಂದಾಗ, ಅಕಿ ಹೋಗಿ ಆಗ ತಿಂಗಳೂ ತುಂಬಿರಲಿಲ್ಲ. ಖಬರ ತಡಾ ಬಂತು ತಮ್ಮಾ. ಆ ಸೀರಿ, ಬಳಿ, ಉಡಿ ಅಕ್ಕಿ ಎಲ್ಲಾ ಕಟಗೊಂಡು ಓಡಿದ್ನಿ. ಮುತ್ತೈದಿ ಸತ್ರ ತವರವರು ಸೀರಿ ಉಡಿಸಿ, ಹಸರ ಬಳಿ ಇಡಿಸಿ, ಉಡಿ ತುಂಬಿ ಕಳಸಬೇಕು. ನಿನ್ನಂಥಾವಗ ಗೊತ್ತಿರೂದಿಲ್ಲ. ಮದುಮಗಳಿಗೆ ಏನೇನ ಮಾಡ್ತೀವಿ, ಅದನ್ನ ಎಲ್ಲಾ ಮಾಡ್ತೀವಿ. ಹಾಡೂ ಹಂಗ. ಒಂದ ಮಾತ ಅಷ್ಟ ಬ್ಯಾರೆ. ಮದುಮಗಳಿಗೆ ಹೋಗಿ ಬಾ ಅಂತೀವಿ. ಸತ್ತಾಕಿಗೆ 'ಬಾ' ಅನ್ನೂದಿಲ್ಲ...

ನಾ ಹೋಗೂದ್ರೊಳಗ ಮಣ್ಣ ಮುಚ್ಚಿದ್ರು. ಹಳ್ಳದ ದಂಡಿಗೆ. ಹಸೀ ಮಣ್ಣು. ಅತ್ತು ಹಾಡಬೇಕಂದ್ರ ಮಾರಿ ಇಲ್ಲ ನೋಡಾಕ. ಯಾರ ಮುಂದ ಹಾಡಲಿ? ಮನಿಗಿ ಬಂದು ಹಾಡಾಕ ಬರೂದಿಲ್ಲ, ಹೆಣ ಇಲ್ಲದ ಮನ್ಯಾಗ ಆ ಹಾಡ ಹಾಡಿದ್ರ ಮತ್ತೊಂದ ಹೆಣ ಬೇಡತೈತಿ ಅಂತಾರ. ಗಂಟಲದಾಗ ಇಟಗೊಂಡ ಕುಂತಿದ್ನಿ. ಅಷ್ಟರಾಗ ನೀ ಬಂದಿ, ಪೆಟಿಗಿ ಹಿಡಕೊಂಡು. ಯಾವ ಹಾಡವ್ವಾ ಅಂದಿ. ಮಗಳನ್ನ ಕಳಸೂ ಹಾಡ ಅಂದ್ನಿ. ಸುಳ್ಳೇನು?

ಊರೂರು ತಿರಗತೈತಂತ ಈ ಪೆಟಿಗಿ ಹಾಡ, ಒಂದಿನ ಅಲ್ಲಿಗೂ ಹೋದೀತು ಅನಕೊಂಡ್ನಿ. ತಾಯಿ ದನಿ ಕೇಳಿ ನಡದಾಳು ಅನಕೊಂಡ್ನಿ. ಹೋತಲ್ಲ! ಎಲ್ಲಾರ ಬಾಯಾಗ ಹೊಕ್ಕು, ಎಲ್ಲಾರ ಕಾಲಾಗ ಕುಣದು, ಕಡೀಕ ಅಲ್ಲಿಗೂ ಹೋತು.

ಮಗ್ಗ ನಿಂತಿತು... ನೋಡು, ಅಂವನೂ ಕೇಳಿದ.

ಇರ್ಲಿ, ನೀ ಏಳಬ್ಯಾಡ. ಒಂದ ಹೇಳು ನನಗ. ಅವತ್ತ ಅವರ ಮನಿ ಮಾಳಗಿ ಮ್ಯಾಲಿಂದ ಆ ಹುಡಿಗ್ಯಾರು ಬಾ ಬಾ ಅಂದಾಗ ಹಂದರದಾಗ ಎಲ್ಲಾರೂ ಕೈ ಎತ್ತಿ ಬಾ ಬಾ ಅಂದ್ರು, ಹೌದಲ್ಲ? ಅಂವನೂ ಅಂದ್ನನು? ಅಂದಿರಬೇಕು, ಮದುಮಗ ಅಂವ. ನಾ ಹೋಗ ಅಂದ್ನಿ, ಊರಿಗೂರು ಬಾ ಅಂತು. ಅಕಿ ಮೊದಲಿಂದ ಕರದವರ ಮಾತ ಮೀರಾಕಿ ಅಲ್ಲ. ಎದ್ದು ಬಂದಿದ್ರ? ಇಷ್ಟ ಮಂದಿ ಕರ್ಯಾಕ ಹತ್ಯಾರಂತ ಮಣ್ಣ ಜಾಡಿಸಿಕೊಂಡು ಬಂದು ಬಾಗಲದಾಗ ನಿಂತಿದ್ರ? ಒಳಗ ಅಕಿ ಜಾಗಾದಾಗ ಬ್ಯಾರೆದಾಕಿ ಕುಂತಾಳ. ಈಗ ಅಕಿ ಎಲ್ಲಿಗೆ ಹೋಗಬೇಕೋ ದತ್ತಾತ್ರಿ? ಹೇಳು ನೀ. ಎಲ್ಲಿಗೆ ಹೋಗಬೇಕು?